ಮೂಲಮನೆಯ ಪತ್ತಾಯ, ಶಿವಮೊಗ್ಗದ ಹೊಸ ಮನೆ: ಹಳೆಯ ಮರದ ಸಾಮಾನು ಆರಿಸುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ನಮ್ಮ ಮೂಲಮನೆ ಪಾಲಾಯಿತು. ನಮ್ಮ ಪಾಲಿಗೆ ಐದಡಿ ಉದ್ದದ ಹಲಸಿನ ಮರದ ಪತ್ತಾಯ (ಭತ್ತ ತುಂಬಿಡುವ ಪೆಟ್ಟಿಗೆ) ಮತ್ತು ಬೆತ್ತ ಹರಿದ ಒಂದು ಆರಾಮ ಕುರ್ಚಿ ಬಂದಿವೆ. ಶಿವಮೊಗ್ಗದಲ್ಲಿ 30×40 ಸೈಟಿನಲ್ಲಿ ಹೊಸದಾಗಿ ಮನೆ ಕಟ್ಟಿದ್ದೇವೆ. ಹಾಲ್ 11×16 ಅಡಿ ಇದೆ, ಅದರ ಪಶ್ಚಿಮದ ಗೋಡೆ ಮಳೆಗಾಲದಲ್ಲಿ ಸ್ವಲ್ಪ ತೇವ ಹಿಡಿಯುತ್ತದೆ. ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಕೆತ್ತನೆಯಿರುವ ಬೀಟೆ ಕಪಾಟು ನೋಡಿದ್ದೇವೆ, ನೂರು ವರ್ಷದ್ದು ಅನ್ನುತ್ತಾರೆ. ಆರು ಜನರಿಗೆ ಆಗುವ ಹಳೆಯ ಊಟದ ಮೇಜೂ ಬೇಕು. ಯಾವುದನ್ನು ಇಟ್ಟುಕೊಳ್ಳೋಣ, ಯಾವುದನ್ನು ಕೊಳ್ಳೋಣ? ಎಲ್ಲಕ್ಕೂ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿ ಒಂದೇ ಬಣ್ಣ ಮಾಡಿಸಿದರೆ ಹೇಗೆ?

ಉತ್ತರ: ಪತ್ತಾಯ, ಕುರ್ಚಿ ಎರಡನ್ನೂ ಇಟ್ಟುಕೊಳ್ಳಿ. ಊಟದ ಮೇಜನ್ನು ಅಳತೆ ಹಿಡಿದು ಹುಡುಕಲು ಶುರು ಮಾಡಬಹುದು. ಕಪಾಟಿಗೆ ಅವಸರ ಬೇಡ. ಎಲ್ಲಕ್ಕೂ ಒಂದೇ ಬಣ್ಣದ ಪಿಯು ಹೊಡೆಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಮಲೆನಾಡಿನಲ್ಲಿ ಹಳೆ ಮರದ ಮೊದಲ ಶತ್ರು ತೇವ. ಅದರ ಲೆಕ್ಕ ಹಿಡಿಯದೆ ಅಂದ ನೋಡಿ ಆರಿಸಿದ್ದು ಎರಡು ಮಳೆಗಾಲಕ್ಕೆ ಬಣ್ಣಗೆಡುತ್ತದೆ, ಸಡಿಲಾಗುತ್ತದೆ, ಹುಳು ಹಿಡಿಯುತ್ತದೆ. ಆದ್ದರಿಂದ ಸಾಮಾನಿಗಿಂತ ಮೊದಲು ನಿಮ್ಮ ಗೋಡೆಯ ಮಾತು.

ಮುಂಗಾರು ನೈಋತ್ಯದಿಂದ ಬೀಸಿ ಹೊಡೆಯುವುದರಿಂದ ನಮ್ಮಲ್ಲಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳೇ ಹೆಚ್ಚು ನೆನೆಯುತ್ತವೆ. ನಿಮ್ಮ ಗೋಡೆಯ ತೇವ ಹೊರಗಿನಿಂದ ಬರುತ್ತಿದೆಯೋ, ಮನೆಯೊಳಗಿನ ಆವಿಯೇ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತಿದೆಯೋ ಎಂಬುದನ್ನು ನೀವೇ ನೋಡಿಕೊಳ್ಳಬಹುದು. ಎರಡಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯ ಮೂಲಕ ಬರುತ್ತಿದೆ. ಹೊರಗಿನ ಗಾರೆಯ ಬಿರುಕು, ಕಿಟಕಿ ಸಜ್ಜಾದ ಬುಡ, ಮಳೆನೀರಿನ ಪೈಪು ನೋಡಿಸಬೇಕು. ಹಾಳೆಯ ಮುಂದೆ ಹನಿ ಇದ್ದರೆ ಗಾಳಿಯಾಟ ಸಾಲದು ಎಂದರ್ಥ. ಮೊದಲನೆಯದಾದರೆ ರಿಪೇರಿ ಆಗುವವರೆಗೆ ಆ ಗೋಡೆಗೆ ಯಾವ ಮರದ ಸಾಮಾನೂ ಬೇಡ. ಎರಡನೆಯದಾದರೆ ಇಡಬಹುದು. ಆದರೆ ಗೋಡೆಗೂ ಸಾಮಾನಿನ ಬೆನ್ನಿಗೂ ನಡುವೆ ಕನಿಷ್ಠ ಮೂರಿಂಚು, ನೆಲಕ್ಕೂ ತಳಕ್ಕೂ ನಡುವೆ ಎರಡಿಂಚು ಸಂದು ಇರಲಿ.

ಮರ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ನೂರು ವರ್ಷವಾದ ಮರವೂ ಈ ಉಸಿರಾಟ ನಿಲ್ಲಿಸುವುದಿಲ್ಲ. ಗಾಳಿಯಲ್ಲಿ 85-90% ಆರ್ದ್ರತೆ ವಾರಗಟ್ಟಲೆ ನಿಂತರೆ ತೆರೆದ ಮರದ ನೀರಿನಂಶ 18-20%ರ ಕಡೆಗೆ ಏರುತ್ತದೆ. ಬೇಸಿಗೆಯಲ್ಲಿ ಆರ್ದ್ರತೆ 50%ಕ್ಕೆ ಇಳಿದರೆ 9%ರ ಆಸುಪಾಸಿಗೆ ಬರುತ್ತದೆ. ಪಾಲಿಶ್ ಇರುವ ದಪ್ಪ ಹಲಗೆ ಇಷ್ಟೊಂದು ಏರಿಳಿಯದಿದ್ದರೂ ಐದಾರು ಪರ್ಸೆಂಟಿನ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯಲೇಬೇಕು. ಉದ್ದಕ್ಕೆ ಮರ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಎಲ್ಲ ಆಟವೂ ಎಳೆಗೆ ಅಡ್ಡಲಾಗಿ. 90 ಸೆಂ.ಮೀ. ಅಗಲದ ಸಾಗುವಾನಿ ಮೇಜಿನ ಹಲಗೆ 6% ವ್ಯತ್ಯಾಸಕ್ಕೆ ಸುಮಾರು 1 ಸೆಂ.ಮೀ.ವರೆಗೆ ಹಿಗ್ಗಿ ಕುಗ್ಗಬಲ್ಲದು. ಸಾಗುವಾನಿ ಕಡಿಮೆ ಅಲುಗುವ ಮರಗಳಲ್ಲೊಂದು ಎಂಬುದನ್ನೂ ನೆನಪಿಡಿ. ಹಳೆಯ ಬಡಗಿಗಳಿಗೆ ಇದು ಗೊತ್ತಿತ್ತು. ಅದಕ್ಕೇ ಬಾಗಿಲಿನ ಹಲಗೆಯನ್ನು ಚೌಕಟ್ಟಿನ ಗಾಡಿಯೊಳಗೆ, ಅಂದರೆ ಉದ್ದಕ್ಕೆ ಕೊರೆದ ಸಂದಿನೊಳಗೆ, ಅಂಟಿಲ್ಲದೆ ಸಡಿಲವಾಗಿ ಕೂರಿಸುತ್ತಿದ್ದರು. ಈಗಿನವರು ‘ಗಟ್ಟಿ ಮಾಡುತ್ತೇವೆ’ ಎಂದು ಆ ಸಂದಿಗೆ ಗೋಂದು ಸುರಿದು ಸ್ಕ್ರೂ ಹೊಡೆದರೆ, ಮುಂದಿನ ಮಾರ್ಚಿನಲ್ಲಿ ಹಲಗೆ ನಡುವೆಯೇ ಸೀಳುತ್ತದೆ.

ಸೊಪ್ಪಿನ ಬೆಟ್ಟದ ಪಕ್ಕದ ಹೆಂಚಿನ ಮನೆಯಿಂದ ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಗೆ ಸಾಮಾನು ತರುವುದು ಅಂದರೆ ಅದಕ್ಕೆ ಹವೆಯೇ ಬದಲಾದಂತೆ. ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ತರಬೇಡಿ. ದೀಪಾವಳಿ ಕಳೆದ ಮೇಲೆ, ನವೆಂಬರಿನಲ್ಲಿ ತನ್ನಿ. ತಂದ ಮೇಲೆ ಆರರಿಂದ ಎಂಟು ವಾರ ಬಿಸಿಲು ಬೀಳದ, ಫ್ಯಾನಿನ ನೇರ ಗಾಳಿ ತಾಗದ ಜಾಗದಲ್ಲಿ ಸುಮ್ಮನೆ ಬಿಡಿ. ಆ ಅವಧಿಯಲ್ಲಿ ಕಾಣುವ ಸಣ್ಣ ಸೀಳು ಕೆಲವೊಮ್ಮೆ ಮಳೆಗಾಲದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನು ನೋಡಿದ ಕೂಡಲೇ ಪುಟ್ಟಿ ತುಂಬಿಸಿದರೆ ಉಬ್ಬುವಾಗ ಆ ಪುಟ್ಟಿಯೇ ಬೆಣೆಯಂತೆ ಕೆಲಸ ಮಾಡಿ ಸೀಳನ್ನು ದೊಡ್ಡದು ಮಾಡುತ್ತದೆ.

ಪತ್ತಾಯ

ಭತ್ತ-ಅಕ್ಕಿ ತುಂಬಿಡಲು ಮಾಡಿದ ಈ ದೊಡ್ಡ ಪೆಟ್ಟಿಗೆಯನ್ನು ಹೊಸ ಮನೆಗೆ ತಂದವರು ಹೆಚ್ಚಾಗಿ ಮಾಡುವ ತಪ್ಪು, ಎತ್ತರ ಜಾಸ್ತಿಯಾಯಿತೆಂದು ಕಾಲು ಕತ್ತರಿಸಿ ಸೋಫಾ ಮುಂದಿನ ಟೀಪಾಯಿ ಮಾಡುವುದು. ಕತ್ತರಿಸಿದ ಕಾಲನ್ನು ಮರಳಿ ಅಂಟಿಸಲಾಗದು, ಜೊತೆಗೆ ತಳ ನೆಲಕ್ಕೆ ತಾಗಿ ಒರಲೆಗೆ ದಾರಿಯಾಗುತ್ತದೆ. ಎರಡೂವರೆ ಅಡಿ ಎತ್ತರದ ಪೆಟ್ಟಿಗೆ ಕೂರಲು ಎತ್ತರವೇ ಹೌದು. ಆದರೆ ಗೋಡೆ ಪಕ್ಕ ದೀಪ, ಹೂದಾನಿ, ಫೋಟೊ ಇಡುವ ಮೇಜಾಗಿ ಅದು ಸರಿಯಾದ ಎತ್ತರ. ಒಳಗೆ ಹೆಚ್ಚುವರಿ ಹಾಸಿಗೆ, ಕಂಬಳಿ ಇಡಬಹುದು.

ತೂಕ ಅಂದಾಜಿಸಿಕೊಳ್ಳಿ. 5×2 ಅಡಿ ತಳ, 2.5 ಅಡಿ ಎತ್ತರ, ಎಲ್ಲ ಹಲಗೆಯೂ ಒಂದಿಂಚು ದಪ್ಪ ಎಂದಿಟ್ಟುಕೊಂಡರೆ ಹಲಸಿನ ಮರದಲ್ಲಿ ಬರಿಯ ಹಲಗೆಯೇ 80 ಕೆ.ಜಿ. ಹತ್ತಿರ ಬರುತ್ತದೆ. ಒಂದೂವರೆ ಇಂಚಾದರೆ 115 ದಾಟುತ್ತದೆ, ಕಾಲು-ಚೌಕಟ್ಟು ಬೇರೆ. ಮಹಡಿಗೆ ಹತ್ತಿಸುವ ಆಸೆ ಬೇಡ. ತಿರುವಿನ ಮೆಟ್ಟಿಲಲ್ಲಿ ಐದಡಿ ಪೆಟ್ಟಿಗೆ ಗೋಡೆ ಕೆರೆಯುತ್ತದೆ, ಹೊತ್ತವರ ಬೆರಳೂ ಉಳಿಯುವುದಿಲ್ಲ. ಕೆಲವು ಪತ್ತಾಯಗಳು ಮರದ ಮೊಳೆ ಅಥವಾ ಬೆಣೆ ತೆಗೆದರೆ ಹಲಗೆ ಹಲಗೆಯಾಗಿ ಕಳಚುತ್ತವೆ. ನಿಮ್ಮದು ಹಾಗಿದ್ದರೆ ಪ್ರತಿ ಜೋಡಣೆಯ ಎರಡೂ ಬದಿಗೆ ಸೀಮೆಸುಣ್ಣದಲ್ಲಿ ಒಂದೇ ಅಂಕಿ ಬರೆದು, ಫೋಟೊ ತೆಗೆದು ಕಳಚಿ. ಮುಚ್ಚಳ ತುಂಬ ಭಾರ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಎರಡೂ ಬದಿಗೆ ಮುಚ್ಚಳ ತಡೆಯುವ ಸ್ಟೇ ಕಡ್ಡಾಯವಾಗಿ ಹಾಕಿಸಿ, ತಾನೇ ಬೀಳುವ ಹಳೆಯ ಚಿಲಕವನ್ನು ತೆಗೆಸಿಡಿ. ಮಗು ಒಳಗೆ ಇಳಿದರೆ ಹೊರಗೆ ಬರಲಾಗಬೇಕು.

ಈಗ ಕುಟ್ಟೆ, ಅಂದರೆ ಮರ ಕೊರೆದು ಪುಡಿ ಮಾಡುವ ಹುಳು. ಹಲಸಿನ ಹಳದಿ ಚೇಗಿಗೆ (ಮರದ ಗಟ್ಟಿ ಒಳಭಾಗಕ್ಕೆ) ಹುಳು ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಅಂಚಿನಲ್ಲಿ ಉಳಿದ ಬಿಳಿ ಭಾಗದಲ್ಲಿ ಹಿಟ್ಟಿನಂಶ ಇರುತ್ತದೆ, ಹುಳುವಿಗೆ ಬೇಕಾದ್ದು ಅದೇ. ಪತ್ತಾಯವನ್ನು ಮಗುಚಿ, ಟಾರ್ಚನ್ನು ಹಲಗೆಗೆ ಹೆಚ್ಚುಕಡಿಮೆ ತಾಗಿಸಿ ಅಡ್ಡ ಬೆಳಕು ಬಿಡಿ. ಒಂದೆರಡು ಮಿ.ಮೀ. ಅಗಲದ ದುಂಡನೆ ತೂತುಗಳು ನೆರಳಿನಿಂದ ಎದ್ದು ಕಾಣುತ್ತವೆ. ತೂತು ಇದ್ದ ಮಾತ್ರಕ್ಕೆ ಹುಳು ಇದೆ ಎಂದಲ್ಲ, ಅದು ಹುಳು ಹೊರಟುಹೋದ ಬಾಗಿಲು. ತೂತಿನ ಬಾಯಿ ಕಪ್ಪಾಗಿ, ಧೂಳು ಕೂತಿದ್ದರೆ ಹಳೆಯದು. ಒಳಗೋಡೆ ಹೊಸ ಮರದಂತೆ ತಿಳಿ ಬಣ್ಣವಿದ್ದು, ಬೆರಳಿನಿಂದ ತಟ್ಟಿದಾಗ ಮೈದಾದಂಥ ಪುಡಿ ಉದುರಿದರೆ ಹುಳು ಈಗಲೂ ಇದೆ. ಅನುಮಾನ ಉಳಿದರೆ ಎಲ್ಲ ತೂತಿಗೂ ಮೇಣ ತುಂಬಿ, ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರಕ್ಕೊಮ್ಮೆ ನೋಡುತ್ತಿರಿ. ಮೇಣ ಒಡೆದು ಹೊಸ ತೂತು ಕಂಡರೆ ಉತ್ತರ ಸಿಕ್ಕಿತು. ಒಂದು ತಿಂಗಳು ನೋಡಿ ಸುಮ್ಮನಾಗಬೇಡಿ. ಮರದೊಳಗೆ ಹುಳು ತಿಂಗಳುಗಟ್ಟಲೆ ಸದ್ದಿಲ್ಲದೆ ತಿನ್ನುತ್ತದೆ, ಒಂದು ವರ್ಷ ಪೂರ್ತಿ ಗಮನ ಇರಲಿ.

ಉದುರಿದ್ದು ಪುಡಿಯಾಗಿರದೆ ಗಸಗಸೆಯಂಥ ಗಟ್ಟಿ ಕಾಳಾಗಿದ್ದರೆ ಅದು ಒಣಮರದ ಗೆದ್ದಲು. ಅದಕ್ಕೆ ಮನೆಮದ್ದು ಸಾಲದು, ಕೀಟ ನಿಯಂತ್ರಣದವರಿಂದ ಹೊಗೆ ಹಾಕಿಸಬೇಕು. ಮಣ್ಣಿನ ಗೂಡು ಕಂಡರೆ ಅದು ನೆಲದಿಂದ ಬಂದ ಒರಲೆ, ಆಗ ಚಿಕಿತ್ಸೆ ಬೇಕಾದ್ದು ಮನೆಯ ಪಾಯಕ್ಕೆ.

ಕುಟ್ಟೆಗೆ ಮಾಡಬೇಕಾದ್ದು ಹೀಗೆ. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ ಅಂದರೆ ಬೋರಾಕ್ಸ್, 40 ಗ್ರಾಂ ಬೋರಿಕ್ ಪುಡಿ ಹಾಕಿ ಪೂರ್ತಿ ಕರಗಿಸಿ. ಪಾಲಿಶ್ ಇಲ್ಲದ ಬೋಳು ಮರಕ್ಕೆ, ಅಂದರೆ ಒಳಮೈ, ತಳ, ಹಲಗೆಗಳ ತುದಿಗೆ ಬ್ರಷ್‌ನಲ್ಲಿ ಧಾರಾಳವಾಗಿ ಹಚ್ಚಿ. ಹೀರಿಕೊಂಡ ಹಾಗೆ ಎರಡು, ಮೂರನೆಯ ಕೈ ಹಚ್ಚಬೇಕು. ತೂತುಗಳಿಗೆ ಸಿರಿಂಜ್‌ನಿಂದ ಬಿಡಿ. ಒಂದು ವಾರ ನೆರಳಲ್ಲಿ ಆರಿದ ಮೇಲೆ ಮೇಣವೋ ಪಾಲಿಶೋ ಕಾಣಿಸಿ, ಏಕೆಂದರೆ ಈ ಔಷಧ ನೀರಿನಲ್ಲಿ ಕರಗುವಂಥದ್ದು, ಒದ್ದೆ ಬಟ್ಟೆಯಿಂದ ಒರೆಸುತ್ತ ಹೋದರೆ ತೊಳೆದುಹೋಗುತ್ತದೆ. ಪಾಲಿಶ್‌ನ ಮೇಲೆ ಹಚ್ಚಿದರೂ ಪ್ರಯೋಜನವಿಲ್ಲ, ಒಳಗೆ ಇಳಿಯುವುದೇ ಇಲ್ಲ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಔಷಧ ಹಚ್ಚಿದ ಪತ್ತಾಯದಲ್ಲಿ ಮುಂದೆ ಅಕ್ಕಿ, ಬೇಳೆ, ಹಪ್ಪಳ ಯಾವುದನ್ನೂ ಇಡಬಾರದು. ಮುಖ್ಯವಾಗಿ, ಹುಳು ಇಲ್ಲ ಎಂದು ಖಾತ್ರಿಯಾಗುವವರೆಗೆ ಅದನ್ನು ಬೇರೆ ಸಾಮಾನಿನ ಪಕ್ಕ ಇಡಬೇಡಿ. ಪ್ಲೈವುಡ್, ಬಿದಿರು, ರಬ್ಬರ್ ಮರಕ್ಕೆ ಕುಟ್ಟೆ ಬಹಳ ಬೇಗ ಹತ್ತುತ್ತದೆ.

ಆರಾಮ ಕುರ್ಚಿ

ಕೈಯ ಕೆಳಗಿನ ಪಟ್ಟಿ ಹೊರಕ್ಕೆ ತಿರುಗಿ ಕಾಲು ಚಾಚಲು ಆಗುವ ತೋಟದ ಮನೆಗಳ ಕುರ್ಚಿ ನಿಮ್ಮದಾದರೆ, ಪಟ್ಟಿ ಬಿಚ್ಚಿದಾಗ ಅದಕ್ಕೆ ಉದ್ದಕ್ಕೆ ಸುಮಾರು ಆರಡಿ ಜಾಗ ಬೇಕು. 11 ಅಡಿ ಅಗಲದ ಹಾಲಿನ ನಡುವೆ ಅದು ಓಡಾಟಕ್ಕೆ ಅಡ್ಡ. ಕಿಟಕಿ ಪಕ್ಕದ ಮೂಲೆ ಅಥವಾ ಮುಚ್ಚಿದ ಸಿಟೌಟ್ ಅದರ ಜಾಗ. ಇರಿಚಲು ಹೊಡೆಯುವ ಜಗಲಿಯಲ್ಲಿ ಬೆತ್ತ ಬಾಳುವುದಿಲ್ಲ. ಅಲ್ಲೇ ಇಡಬೇಕಿದ್ದರೆ ನೈಲಾನ್ ಪಟ್ಟಿಯಲ್ಲಿ ಹೆಣೆಸಿ, ಮರದ ಚೌಕಟ್ಟಿಗೆ ಅದರಿಂದ ಹಾನಿಯೇನಿಲ್ಲ.

ಹೆಣೆಸುವ ಮೊದಲು ಚೌಕಟ್ಟನ್ನು ಪರೀಕ್ಷಿಸಿ. ಹಿಂಗಾಲು ಮತ್ತು ಕೂರುವ ಚೌಕಟ್ಟು ಸೇರುವ ಜಾಗ, ಪಟ್ಟಿ ತಿರುಗುವ ಬೋಲ್ಟು ಇವೆರಡೇ ಸಾಮಾನ್ಯವಾಗಿ ಸೋಲುವುದು. ಜೋಡಣೆ ಅಲುಗುತ್ತಿದ್ದರೆ ಹಳೆಯ ಸರೇಸನ್ನು ಬಿಸಿನೀರಿನ ಬಟ್ಟೆ ಇಟ್ಟು ಮೆತ್ತಗೆ ಮಾಡಿ, ಬಿಚ್ಚಿ, ಕೆರೆದು ಶುಚಿ ಮಾಡಿ ಮತ್ತೆ ಅಂಟಿಸಬೇಕು. ಹಳೆ ಅಂಟಿನ ಮೇಲೆ ಹೊಸ ಗೋಂದು ಹಿಡಿಯುವುದಿಲ್ಲ. ಕಬ್ಬಿಣದ ಎಲ್-ಪಟ್ಟಿ ಬಡಿಸಿದರೆ ಒಂದೆರಡು ವರ್ಷ ಬಿಗಿಯಾಗಿ ಕಾಣುತ್ತದೆ, ಆಮೇಲೆ ಸ್ಕ್ರೂ ಸುತ್ತ ಮರವೇ ಸೀಳುತ್ತದೆ.

ಚೌಕಟ್ಟಿನ ಸುತ್ತ ಸಾಲು ತೂತುಗಳಿದ್ದರೆ ಅದು ಕೈಹೆಣಿಗೆಯ ಕುರ್ಚಿ. ತೂತಿನ ಬದಲು ಉದ್ದನೆಯ ಗಾಡಿ ಇದ್ದರೆ ಸಿದ್ಧ ಬೆತ್ತದ ಹಾಳೆಯನ್ನು ಒತ್ತಿ ಕೂರಿಸಿದ್ದು. ಎರಡನೆಯದು ಅಗ್ಗ, ಬೇಗ ಆಗುವ ಕೆಲಸ. ಕೈಹೆಣಿಗೆಯಲ್ಲಿ ಬೆತ್ತದ ಎಳೆ ಆರು ಸಲ ಹಾಯಬೇಕು: ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಓರೆಗೆ ಎರಡು. ಕೆಲಸ ಉಳಿಸಲು ನಾಲ್ಕರಲ್ಲೇ ಮುಗಿಸುವವರಿದ್ದಾರೆ. ಎಣಿಸಿ ನೋಡಿ, ಸರಿಯಾದ ಹೆಣಿಗೆಯಲ್ಲಿ ಕಣ್ಣು ಎಂಟು ಮೂಲೆಯದಾಗಿ ಕಾಣುತ್ತದೆ. ಬೆತ್ತವನ್ನು ಹೆಣೆಯುವ ಮೊದಲು ಇಪ್ಪತ್ತು-ಮೂವತ್ತು ನಿಮಿಷ ನೀರಲ್ಲಿ ನೆನೆಸಬೇಕು. ಒಣ ಬೆತ್ತ ತಿರುವಿನಲ್ಲಿ ಮುರಿಯುತ್ತದೆ. ಮುಗಿದ ಮೇಲೆ ಅಡಿಭಾಗಕ್ಕೆ ವಾರ್ನಿಶ್ ಹಚ್ಚಿಸಬೇಡಿ. ಬೆತ್ತಕ್ಕೆ ಅಷ್ಟಿಷ್ಟು ತೇವ ಹೀರಲು ದಾರಿ ಇದ್ದರೆ ಮಾತ್ರ ಬಾಗುತ್ತದೆ. ಮುಂದೆ ಅದು ಜೋಲು ಬಿದ್ದರೆ ಕುರ್ಚಿ ಮಗುಚಿ, ಅಡಿಯಿಂದ ಬಿಸಿನೀರಿನ ಬಟ್ಟೆ ಅರ್ಧ ಗಂಟೆ ಹಾಸಿ, ಒಂದು ದಿನ ನೆರಳಲ್ಲಿ ಆರಲು ಬಿಡಿ. ಆರುವಾಗ ತಾನೇ ಬಿಗಿಯುತ್ತದೆ. ಅದು ಆರುವವರೆಗೆ ಯಾರೂ ಕೂರಬಾರದು.

ಅಂಗಡಿಯ ಬೀಟೆ ಕಪಾಟು

ಅಂಗಡಿಗೆ ಹೋಗುವಾಗ ಟಾರ್ಚು, ಟೇಪು, ಸಣ್ಣ ಅಯಸ್ಕಾಂತ, ಸ್ವಲ್ಪ ಹತ್ತಿ, ಒಂದು ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ತೆಗೆದುಕೊಂಡು ಹೋಗಿ. ಮುಂಭಾಗದ ಕೆತ್ತನೆಯನ್ನು ಕೊನೆಗೆ ನೋಡಿ. ಕಪಾಟಿನ ನಿಜ ಇರುವುದು ಅದರ ಬೆನ್ನು, ತಳ ಮತ್ತು ಡ್ರಾಯರಿನ ಒಳಗೆ.

ಒಂದು ಡ್ರಾಯರನ್ನು ಪೂರ್ತಿ ಹೊರಗೆಳೆದು ಮಗುಚಿ. ಅದು ಜಾರುವ ಎರಡು ಕೆಳ ಅಂಚು ನೋಡಿ. ವರ್ಷಗಟ್ಟಲೆ ಎಳೆದು ನೂಕಿದ ಡ್ರಾಯರಿನ ಅಂಚು ಹಿಂದಿನ ತುದಿಯಲ್ಲಿ ಹೆಚ್ಚು ಸವೆದು ಸ್ವಲ್ಪ ಇಳಿಜಾರಾಗಿರುತ್ತದೆ. ಎರಡೂ ಅಂಚು ಗೆರೆ ಎಳೆದಂತೆ ಚೂಪಾಗಿದ್ದರೆ ಅದು ಬಳಕೆಯಾದ ಡ್ರಾಯರಲ್ಲ. ತಳದ ಹಲಗೆಗೆ ಅಂಗೈ ಸವರಿ. ಕೀಸುಳಿ ಹಾಯಿಸಿದ ಮರದಲ್ಲಿ ಬೆರಳಿಗೆ ಸಿಗುವ, ಕಣ್ಣಿಗೆ ಕಾಣದ ಸಣ್ಣ ಅಲೆಗಳಿರುತ್ತವೆ. ಯಂತ್ರದ ಹಲಗೆ ಗಾಜಿನಂತೆ ಸಮ. ಮೂಲೆಯಲ್ಲಿ ಹಲ್ಲುಹಲ್ಲಾಗಿ ಕೂಡಿಸಿದ ಜೋಡಣೆಯನ್ನು ಗಮನಿಸಿ. ಕೈಯಲ್ಲಿ ಕಡಿದ ಹಲ್ಲುಗಳು ಒಂದರಂತೆ ಒಂದಿರುವುದಿಲ್ಲ, ಅಗಲದಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಒಂದೆರಡು ರಿಪೇರಿಗೆ ಹಾಕಿದ್ದಿರಬಹುದು, ಎಲ್ಲ ಕಡೆ ಅದೇ ಇದ್ದರೆ ನೂರು ವರ್ಷದ ಮಾತು ನಿಲ್ಲುವುದಿಲ್ಲ.

ಬಿಜಾಗರಿಯ ಸುತ್ತ ನೋಡಿ. ಈಗಿರುವುದಕ್ಕಿಂತ ಬೇರೆ ಅಳತೆಯ ಬಿಜಾಗರಿಯ ನೆರಳು, ಮುಚ್ಚಿದ ತೂತು, ಅರ್ಥವಿಲ್ಲದ ಜಾಗದಲ್ಲಿ ಬೀಗದ ಗುರುತು ಕಂಡರೆ ಅದು ಹಳೆ ಬಾಗಿಲು-ಕಿಟಕಿಯ ಮರದಿಂದ ಈಚೆಗೆ ಮಾಡಿದ ಕಪಾಟು. ಅದರಲ್ಲಿ ಮೋಸವೇ ಇದೆ ಎನ್ನಲಾಗದು. ಕೆಡವಿದ ಮನೆಯ ಒಣಗಿದ ಸಾಗುವಾನಿಯಲ್ಲಿ ಮಾಡಿದ ಹೊಸ ಸಾಮಾನು ಬಾಳಿಕೆಗೆ ಒಳ್ಳೆಯದೇ. ಆದರೆ ಹಳೆ ಮರಕ್ಕೂ ಹಳೆ ಸಾಮಾನಿಗೂ ಬೆಲೆ ಬೇರೆ, ಮೊದಲನೆಯದಕ್ಕೆ ಎರಡನೆಯದರ ಬೆಲೆ ಕೊಡಬಾರದು. ಹಿತ್ತಾಳೆಯ ಹಿಡಿಕೆಗೆ ಅಯಸ್ಕಾಂತ ಅಂಟಿಕೊಂಡರೆ ಅದು ಮೇಲೆ ಹಿತ್ತಾಳೆ ಬಣ್ಣದ ಕಬ್ಬಿಣ.

ಬೀಟೆಯೇ ಹೌದೋ? ಅದರ ಚೇಗು ನೇರಳೆ ಛಾಯೆಯ ಕಂದು, ನಡುನಡುವೆ ಕಪ್ಪು ಗೆರೆ, ಆ ಬಣ್ಣ ಮರದ ಒಳಗೂ ಇರುತ್ತದೆ. ಹಿಡಿಕೆಯ ಒಂದು ಸ್ಕ್ರೂ ಬಿಚ್ಚಿಸಿ ತೂತಿನೊಳಗೆ ಟಾರ್ಚು ಬಿಡಿ. ಒಳಗೆ ತಿಳಿ ಹಳದಿ ಅಥವಾ ಬಿಳಿ ಕಂಡರೆ ಬಣ್ಣ ಬಳಿದ ಬೇರೆ ಮರ. ತೂಕವೂ ಹೇಳುತ್ತದೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಿಂಚು ದಪ್ಪದ ಅರೆ (ಕಪಾಟಿನೊಳಗಿನ ಅಡ್ಡ ಹಲಗೆ) ಬೀಟೆಯದಾದರೆ ಸುಮಾರು 9 ಕೆ.ಜಿ., ಸಾಗುವಾನಿಯದಾದರೆ 7. ಅಂಗಡಿಯವರು ಒಪ್ಪಿದರೆ ಒಂದು ಅರೆ ತೆಗೆದು ಎತ್ತಿ ನೋಡಿ. ಡ್ರಾಯರಿನ ತಳ, ಕಪಾಟಿನ ಬೆನ್ನು ಹಲಸಿನದೋ ಮತ್ತಿಯದೋ ಆಗಿದ್ದರೆ ಗಾಬರಿ ಬೇಡ. ಬೀಟೆ ದುಬಾರಿ ಮರವಾದ್ದರಿಂದ ಕಾಣದ ಕಡೆ ಬೇರೆ ಮರ ಬಳಸುವುದು ಹಳೆಯ ಪದ್ಧತಿಯೇ. ಇಡೀ ಕಪಾಟು, ಬೆನ್ನೂ ಸೇರಿ, ಒಂದೇ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಸಾಗರ-ಸೊರಬದ ಗುಡಿಗಾರರ ಹೆಸರು ಗಂಧದ ಕೆತ್ತನೆಗೆ ದೊಡ್ಡದು, ಹಾಗಾಗಿ ಕೆತ್ತಿದ ಸಾಮಾನಿಗೆಲ್ಲ ಆ ಹೆಸರು ಹಚ್ಚುವವರಿದ್ದಾರೆ. ಕೆತ್ತನೆಯ ಹೂವನ್ನು ಬಿಟ್ಟು ಅದರ ಹಿನ್ನೆಲೆಯ ತಗ್ಗು ನೋಡಿ. ಕೈಕೆಲಸದಲ್ಲಿ ತಗ್ಗಿನ ತಳ ಸ್ವಲ್ಪ ಏರುಪೇರು, ಉಳಿಯ ಗುರುತು ಇರುತ್ತದೆ, ಒಳಮೂಲೆಗಳು ಚೂಪು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ದುಂಡನೆ ಬಿಟ್‌ನಿಂದ ಕೆತ್ತುವುದರಿಂದ ಒಳಮೂಲೆ ದುಂಡಗಾಗುತ್ತದೆ, ಎಡದ ಹೂವು ಬಲದ ಹೂವು ತದ್ರೂಪ.

ಹತ್ತಿಗೆ ಸ್ಪಿರಿಟ್ ಹಚ್ಚಿ ಕಾಣದ ಜಾಗದಲ್ಲಿ ಕೇಳಿಕೊಂಡೇ ಒತ್ತಿ. ಅರ್ಧ ನಿಮಿಷದಲ್ಲಿ ಅಂಟಂಟಾಗಿ ಬಣ್ಣ ಬಿಟ್ಟರೆ ಅರಗಿನ ಪಾಲಿಶ್, ನಾವು ಫ್ರೆಂಚ್ ಪಾಲಿಶ್ ಅನ್ನುವುದು. ಏನೂ ಆಗದಿದ್ದರೆ ಮೆಲಮೈನ್ ಅಥವಾ ಪಿಯು. ಅಂದರೆ ಈಚೆಗೆ ಉಜ್ಜಿ ಹೊಸದು ಮಾಡಿದ್ದಾರೆ, ಬೆಲೆ ಇಳಿಸಿ ಕೇಳಲು ಅದು ಕಾರಣ.

ಅಳತೆಯಲ್ಲಿ ಒಂದು ಎಚ್ಚರಿಕೆ. ಹಳೆಯ ಕಪಾಟುಗಳು ಮಡಚಿದ ಬಟ್ಟೆಗೆಂದು ಮಾಡಿದವು, ಒಳ ಆಳ ಅನೇಕ ಕಡೆ 16-18 ಇಂಚು. ಹ್ಯಾಂಗರಿಗೆ 22 ಇಂಚಾದರೂ ಬೇಕು. ಸೀರೆ, ಪುಸ್ತಕ, ಪಾತ್ರೆಗೆ ಸರಿ. ಶರಟು ತೂಗು ಹಾಕಲೇಬೇಕಿದ್ದರೆ ಒಳಗೆ ಮುಂದಕ್ಕೆ ಜಾರುವ ಕೋಲು ಹಾಕಿಸಬಹುದು, ಬೆನ್ನಿನ ಹಲಗೆ ಒಡೆಸಬೇಡಿ.

ಕಾನೂನಿನ ಮಾತೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಕಲೆ-ಇತಿಹಾಸದ ಮಹತ್ವವಿರುವ ವಸ್ತುಗಳು, ಕಟ್ಟಡದಿಂದ ಬಿಚ್ಚಿ ತಂದವೂ ಸೇರಿ, ಪ್ರಾಚ್ಯವಸ್ತುಗಳ ಲೆಕ್ಕಕ್ಕೆ ಬರಬಹುದು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಹಾಗಾಗಿ ‘ನೂರು ವರ್ಷದ್ದು’ ಎಂದು ಹೇಳುವವರಿಂದ ಅದನ್ನೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಮರದ ಜಾತಿಯನ್ನೂ ಬರೆಸಿ. ಬೀಟೆ, ಸಾಗುವಾನಿಯ ಬಿಡಿ ಹಲಗೆ, ಕಂಬ, ದಾರಂದ ಸಾಗಿಸುವುದಿದ್ದರೆ ಲಾರಿ ಕರೆಯುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ರಹದಾರಿ ವಿಚಾರಿಸಿ. ನಿಮ್ಮ ಮೂಲಮನೆಯಿಂದ ಬಿಡಿ ಮರ ತರುವಾಗಲೂ ಇದನ್ನು ಮರೆಯಬೇಡಿ.

ಊಟದ ಮೇಜು

ಆರು ಜನರಿಗೆ ಐದೂವರೆಯಿಂದ ಆರಡಿ ಉದ್ದ, ಮೂರಡಿ ಅಗಲ ಸಾಕು. ಒಬ್ಬರಿಗೆ 24 ಇಂಚು ಎಂಬುದು ಲೆಕ್ಕ. ಕುರ್ಚಿ ಹಿಂದೆಳೆದು ಏಳಲು ಎರಡೂ ಕಡೆ ಮೂರಡಿ ಬೇಕು, ಅಲ್ಲಿಗೆ ನಿಮ್ಮ 11 ಅಡಿಯಲ್ಲಿ 9 ಹೋಯಿತು. ಮೇಜಿನ ಪಕ್ಕದಲ್ಲಿ ಇನ್ನೇನೂ ಇಡುವಂತಿಲ್ಲ. ಹಳೆಯ ಕಚೇರಿ, ಶಾಲೆಯ ಮೇಜುಗಳು ಗಟ್ಟಿ ಸಾಗುವಾನಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ಅವುಗಳ ಡ್ರಾಯರ್ ಮೊಣಕಾಲಿಗೆ ಬಡಿಯುತ್ತದೆ. ನೆಲದಿಂದ ಮೇಜಿನ ಕೆಳಪಟ್ಟಿಯವರೆಗೆ 24-25 ಇಂಚು ಬಿಡುವಿರಬೇಕು. ಕುರ್ಚಿಯ ಕೂರುವ ಮಟ್ಟಕ್ಕೂ ಮೇಜಿನ ಮೇಲ್ಮೈಗೂ 11-12 ಇಂಚು ಅಂತರ ಹಿತ. ಮೇಜು ಗಿಡ್ಡವಾದರೆ ಕಾಲಿನಡಿ ಮರದ ಗುಬುಟು ಕೊಟ್ಟು ಎತ್ತರಿಸಿ.

ಮೇಲಿನ ಹಲಗೆಯನ್ನು ಚೌಕಟ್ಟಿಗೆ ಹೇಗೆ ಹಿಡಿಸಿದ್ದಾರೆ ಎಂದು ಬಗ್ಗಿ ನೋಡುವುದನ್ನು ಬಿಡಬೇಡಿ. ಮೇಲೆ ಹೇಳಿದ 1 ಸೆಂ.ಮೀ. ಆಟಕ್ಕೆ ಅಲ್ಲಿ ಅವಕಾಶವಿರಬೇಕು. ಉದ್ದನೆ ತೂತಿನಲ್ಲಿ ಸ್ಕ್ರೂ, ಅಥವಾ ಗಾಡಿಯಲ್ಲಿ ಜಾರುವ ಸಣ್ಣ ಮರದ ಹಿಡಿತುಂಡು ಇದ್ದರೆ ಸರಿ. ಸುತ್ತ ಅಂಟು, ಮೊಳೆ ಬಡಿದಿದ್ದರೆ ಆ ಮೇಜು ಒಂದಲ್ಲ ಒಂದು ಬೇಸಿಗೆ ಸೀಳುತ್ತದೆ.

ಹೊನ್ನೆ ಮರದ ಮೇಜು ಸಿಕ್ಕರೆ ಬಾಳಿಕೆಗೆ ಬಹಳ ಒಳ್ಳೆಯದು. ಗುರುತಿಸುವುದೂ ಸುಲಭ: ಅಡಿಯಿಂದ ಚಿಟಿಕೆ ಹೊಟ್ಟು ಕೆರೆದು ಗಾಜಿನ ಲೋಟದ ನೀರಿಗೆ ಹಾಕಿ, ಬೆಳಕಿಗೆ ಹಿಡಿದರೆ ಹಳದಿ-ಕಂದು ನೀರಿನಲ್ಲಿ ನೀಲಿ ಹೊಳಪು ತೇಲುತ್ತದೆ. ಇದೇ ಗುಣದಿಂದ ಪಾಲಿಶ್ ಸವೆದ ಹೊನ್ನೆಯ ಮೇಲೆ ಒದ್ದೆ ಬಿಳಿ ಬಟ್ಟೆ ಇಟ್ಟರೆ ಹಳದಿ ಕಲೆ ಹತ್ತುತ್ತದೆ.

ಪಾಲಿಶ್

ಪಿಯು ಗಟ್ಟಿ ಪದರ. ಅದನ್ನು ಕೂರಿಸಲು ಹಳೆಯ ಮೇಲ್ಮೈಯನ್ನು ಉಪ್ಪುಕಾಗದದಿಂದ ಬೋಳು ಮರದವರೆಗೆ ಉಜ್ಜಬೇಕು. ಕೈ ತಾಗಿ, ಬೆಳಕು ಬಿದ್ದು, ದಶಕಗಳಲ್ಲಿ ಬಂದ ಬಣ್ಣ ಅರ್ಧ ಮಿ.ಮೀ. ಕೂಡ ದಪ್ಪವಿರುವುದಿಲ್ಲ, ಒಂದು ಮಧ್ಯಾಹ್ನದ ಯಂತ್ರದ ಉಜ್ಜಿಗೆ ಪೂರ್ತಿ ಹೋಗುತ್ತದೆ. ಮುಂದೆ ಹಳೆ ಜೋಡಣೆ ಅಲುಗಿದಾಗ ಆ ಪದರ ಸಂದಿಯಲ್ಲಿ ಬಿರಿದು, ತೇವ ಒಳಗಿಳಿದು, ಬಿಳಿ ಮಚ್ಚೆ ಬೀಳುತ್ತದೆ. ಅದನ್ನು ಅಲ್ಲಷ್ಟೇ ಸರಿಪಡಿಸಲು ಬರುವುದಿಲ್ಲ. ಅರಗಿನ ಪಾಲಿಶ್ ಮೇಲೆ ಗೀರು ಬಿದ್ದರೆ ಅಷ್ಟೇ ಜಾಗಕ್ಕೆ ಮತ್ತೆ ಹಚ್ಚಬಹುದು. ಊಟದ ಮೇಜಿನ ಮೇಲ್ಮೈಗೆ ಮಾತ್ರ ಪಿಯು ಒಪ್ಪಬಹುದು. ಬಿಸಿ ಪಾತ್ರೆ, ನೀರಿನ ಲೋಟ, ಸ್ಯಾನಿಟೈಸರ್ ಯಾವುದನ್ನೂ ಅರಗು ತಡೆಯುವುದಿಲ್ಲ.

ಪತ್ತಾಯ ಮತ್ತು ಕುರ್ಚಿಗೆ ಮೊದಲು ಬರೀ ಶುಚಿ. ಒಲೆಹೊಗೆಯ ಜಿಡ್ಡಿಗೆ ಟರ್ಪೆಂಟೈನ್ ಅದ್ದಿದ ಹಳೆ ಬಟ್ಟೆ ಸಾಕು, ಕಾಣದ ಮೂಲೆಯಲ್ಲಿ ಒಮ್ಮೆ ನೋಡಿ ಮುಂದುವರಿಯಿರಿ. ಆಮೇಲೆ ಮೇಣ: 100 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಡಬ್ಬಿಯಲ್ಲಿ ಕರಗಿಸಿ, ಒಲೆ ಪೂರ್ತಿ ಆರಿಸಿ, ಡಬ್ಬಿಯನ್ನು ಹೊರಗೆ ತಂದು 250-300 ಮಿ.ಲೀ. ಟರ್ಪೆಂಟೈನ್ ಬೆರೆಸಿ. ಉರಿಯ ಹತ್ತಿರ ಬೆರೆಸಿದರೆ ಬೆಂಕಿ ಹತ್ತುತ್ತದೆ. ತಣಿದು ಬೆಣ್ಣೆಯಂತಾದ ಮೇಲೆ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಿಂದ ತಿಕ್ಕಿ. ವರ್ಷಕ್ಕೆ ಎರಡು ಸಲ ಸಾಕು. ತೆಂಗಿನೆಣ್ಣೆ, ಅಡುಗೆ ಎಣ್ಣೆ ಹಚ್ಚುವ ಅಭ್ಯಾಸ ನಮ್ಮ ಕಡೆ ಇದೆ. ಅದು ಒಣಗುವುದಿಲ್ಲ, ಧೂಳು ಹಿಡಿದು ಜಿಗುಟಾಗುತ್ತದೆ, ಆಷಾಢಕ್ಕೆ ಬೂಸಲು ಬರುತ್ತದೆ. ಅಗಸೆ ಎಣ್ಣೆ ಒಣಗುತ್ತದೆ. ಆದರೆ ಅದಕ್ಕೂ ಬೂಸಲಿನ ಕಾಟವಿದೆ, ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ಹರಡಿ ಒಣಗಿಸಿ ಬಿಸಾಡಿ.

ಅರಗಿನ ಪಾಲಿಶ್ ಮಾಡಿಸುವುದಿದ್ದರೆ ಡಿಸೆಂಬರಿನಿಂದ ಮಾರ್ಚ್ ಒಳಗೆ. ಲೀಟರ್ ಸ್ಪಿರಿಟ್ಟಿಗೆ 200-250 ಗ್ರಾಂ ಚಪ್ಪಟೆ ಅರಗು, ರಾತ್ರಿ ನೆನೆಸಿ ಸೋಸಬೇಕು. ಕಲಸಿ ಆರು ತಿಂಗಳಾದ ದ್ರಾವಣ ಒಣಗದೆ ಅಂಟಂಟಾಗೇ ಉಳಿಯುತ್ತದೆ. ಆರಿದ್ರಾದಿಂದ ಆಶ್ಲೇಷದವರೆಗಿನ ಮಳೆಯಲ್ಲಿ ಹಚ್ಚಿದರೆ ಸ್ಪಿರಿಟ್ ಆರುವಾಗ ಗಾಳಿಯ ತೇವ ಸೇರಿ ಮೇಲ್ಮೈ ಹಾಲು ಬಳಿದಂತೆ ಬೆಳ್ಳಗಾಗುತ್ತದೆ.

ಹೀಗೆ ಮಾಡಿದರೆ ಹಲಸಿನ ಹೊನ್ನಿನ ಕಂದು, ಮೇಜಿನ ಸಾಗುವಾನಿ ಬಣ್ಣ, ಬೀಟೆಯ ಕಪ್ಪು ಬೇರೆ ಬೇರೆ ಉಳಿಯುತ್ತವೆ. ಉಳಿಯಲಿ. ಹಳೆ ಮನೆಗಳ ನಡುಮನೆಯಲ್ಲಿ ಕಂಬ ಒಂದು ಮರ, ಮುಚ್ಚಿಗೆ ಒಂದು ಮರ, ಪೆಟ್ಟಿಗೆ ಇನ್ನೊಂದು ಮರದ್ದೇ ಆಗಿದ್ದವು. ಬಣ್ಣ ಹೊಂದಿಸುವ ಬದಲು ಎತ್ತರ ಹೊಂದಿಸಿ: 11×16ರ ಹಾಲಿಗೆ ಭುಜಕ್ಕಿಂತ ಎತ್ತರದ ಕಪ್ಪು ಮರದ ಸಾಮಾನು ಒಂದೇ ಸಾಕು. ನುಣುಪು ಟೈಲ್ಸ್ ಮೇಲೆ ಕಾಲು ಜಾರದಂತೆ ತೆಳು ರಬ್ಬರ್ ಬಿಲ್ಲೆ ಹಾಕಿ. ಫೆಲ್ಟ್ ಬಟ್ಟೆ ನೆಲ ಒರೆಸಿದ ನೀರು ಹೀರಿ ಕಾಲಿನ ತುದಿ ಕೊಳೆಸುತ್ತದೆ.

ಎತ್ತರದ ಆ ಒಂದು ಸಾಮಾನು ನಿಮ್ಮ ಮನೆಯಲ್ಲಿ ಬೀಟೆ ಕಪಾಟೇ ಆಗಬೇಕಾದ್ದು, ಅದಕ್ಕೆ ಜಾಗ ಸಿಗುವುದು ಆ ಪಶ್ಚಿಮದ ಗೋಡೆಯಲ್ಲೇ ಇರಬಹುದು. ಮೇಲಿನ ಪರೀಕ್ಷೆಗಳಲ್ಲಿ ಕಪಾಟು ಪಾಸಾದರೂ ಸ್ವಲ್ಪ ಮುಂಗಡ ಕೊಟ್ಟು ಕಾಯ್ದಿರಿಸಿ, ಇಲ್ಲವೇ ಬಿಟ್ಟುಬಿಡಿ. ಹೊರಗಿನ ಗಾರೆ ರಿಪೇರಿ ಮಾಡಿಸಿದ ಮೇಲೆ ಆ ಗೋಡೆ ಒಂದು ಪೂರ್ತಿ ಮಳೆಗಾಲ ಕಳೆಯಲಿ. ಆಶ್ಲೇಷ ಮಳೆ ಮುಗಿಯುವ ವಾರ ಪ್ಲಾಸ್ಟಿಕ್ ಹಾಳೆಯನ್ನು ಮತ್ತೊಮ್ಮೆ ಅಂಟಿಸಿ ನೋಡಿ. ಹಾಳೆಯ ಹಿಂಬದಿ ಒಣಗಿದ್ದರೆ ಕಪಾಟು ತರಿಸಬಹುದು.